ಬಸ್ಸಮ್ಮನ ಇಲ್ಲದ ಎಮ್ಮೆ

ಡಾಕ್ಟರ್ ಭುವನೇಶ್ವರಿ ಹೇಳಿದ್ದರಲ್ಲಿ ಒಂದೇ ಒಂದು ಮಾತು ಬಸ್ಸಮ್ಮನ ತಲೆಗೆ ಹೋಗಲಿಲ್ಲ.

ಬಿ.ಪಿ. ಏರಿದೆ ಎಂದದ್ದು ಹೋಯಿತು. ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದೆ ಎಂದದ್ದೂ ಹೋಯಿತು. ನಡುವಿನ ಸುತ್ತಳತೆ ನೋಡಿ ಮೊದಲು ಟೇಪಿನ ಮೇಲೆಯೇ ಅನುಮಾನಪಟ್ಟಳು, ಆಮೇಲೆ ಅದನ್ನೂ ಒಪ್ಪಿಕೊಂಡಳು. ಶಹಾಪುರದ ಹಳೇ ಬಜಾರಿನ ಓಣಿಯಲ್ಲಿ ಆ ದಿನ ಆರೋಗ್ಯ ತಪಾಸಣೆಯ ಶಿಬಿರವಿತ್ತು. ಕಾಳಿನ ವ್ಯಾಪಾರಿ ಚನ್ನಯ್ಯನ ಹೆಂಡತಿ ಬಸ್ಸಮ್ಮ ಒಂದು ಕುರ್ಚಿಯಲ್ಲಿ ಕೂತಿದ್ದರೆ, ಗೋಡೆಯಾಚೆಯ ಮನೆಯ ಖುರ್ಷೀದಬೇಗಂ ಪಕ್ಕದ ಕುರ್ಚಿಯಲ್ಲಿದ್ದಳು. ಅವಳ ಗಂಡ ಯೂನುಸನದು ಬಟ್ಟೆ ಅಂಗಡಿ. ಟೇಪು ಇಬ್ಬರ ವಿಷಯದಲ್ಲೂ ಹೆಚ್ಚು ಕಡಿಮೆ ಒಂದೇ ತೀರ್ಪು ಕೊಟ್ಟಿತ್ತು.

"ದಿನಾ ಮುಂಜಾನಿ ನಡೀರಿ" ಎಂದರು ಡಾಕ್ಟರು.

"ಎಲ್ಲಿಗ್ರೀ?" ಎಂದಳು ಬಸ್ಸಮ್ಮ.

"ಎಲ್ಲಿಗ್ಯಾದ್ರೂ."

"ಹಂಗಲ್ರೀ ಡಾಕ್ಟರ ಬಾಯಾರ, ಇಂಥಾಕಡಿ ಅಂತ ಹೇಳ್ರಿ. ಗುಡಿಗಿ ಹೋಗ್ಲೇನು? ಬಜಾರಕ್ಕ ಹೋಗ್ಲೇನು?"

"ಎಲ್ಲಿಗೂ ಬ್ಯಾಡ್ರಿ. ಸುಮ್ನ ಹೋಗೂದು, ತಿರುಗಿ ಬರೂದು."

"ಹೋಗಿ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ತಿರುಗಿ ಬರ್ರಿ."

ಇದೇ ತಲೆಗೆ ಹೋಗದ ಮಾತು. ಏನೂ ಮಾಡದೆ ತಿರುಗಿ ಬರುವುದಾದರೆ ಹೋಗುವುದಾದರೂ ಯಾಕೆ? ಬಸ್ಸಮ್ಮ ಖುರ್ಷೀದಳ ಮುಖ ನೋಡಿದಳು. ಖುರ್ಷೀದಳೂ ಅವಳ ಮುಖವನ್ನೇ ನೋಡುತ್ತಿದ್ದಳು. ಇಬ್ಬರೂ ಆಟೋ ಹತ್ತಿ ಓಣಿಯ ಆ ತುದಿಯಿಂದ ಈ ತುದಿಗೆ ಬಂದು ಇಳಿದರು.

ಹಾಗಂತ ಮೈ ಬಂದದ್ದು ತನ್ನ ತಪ್ಪು ಎಂದು ಬಸ್ಸಮ್ಮ ಒಪ್ಪುವವಳಲ್ಲ. ತಪ್ಪು ಮಿಕ್ಸಿಯದು, ನಳದ ನೀರಿನದು, ಬಟ್ಟೆ ಒಗೆಯುವ ಮಷೀನಿನದು. ಮದುವೆಯಾಗಿ ಈ ಮನೆಗೆ ಬಂದಾಗ ಬೀಸುವ ಕಲ್ಲಿತ್ತು, ಸೇದುವ ಬಾವಿಯಿತ್ತು. ಕಾಲುವೆ ಬಂದು ಸುತ್ತಲಿನ ಹೊಲಗಳೆಲ್ಲ ಗದ್ದೆಯಾದ ಮೇಲೆ ಜೋಳದ ರೊಟ್ಟಿ ಬಡಿಯುವುದೂ ಕಡಿಮೆಯಾಗಿ, ಎರಡು ಹೊತ್ತೂ ಅನ್ನ. ಇನ್ನು ಮೊಮ್ಮಕ್ಕಳು ತಟ್ಟೆಯಲ್ಲಿ ಬಿಟ್ಟೇಳುವ ತುಪ್ಪದನ್ನ ಯಾರ ಹೊಟ್ಟೆಗೆ ಹೋಗಬೇಕು? ಚೆಲ್ಲಿದರೆ ಪಾಪ. ಆ ಪಾಪವನ್ನೆಲ್ಲ ಬಸ್ಸಮ್ಮನೇ ಇಷ್ಟು ವರ್ಷ ನುಂಗಿಕೊಂಡು ಬಂದಿದ್ದಳು. ಸಂಜೆ ಟೀವಿಯಲ್ಲಿ ಅತ್ತೆ ಸೊಸೆಯರ ಧಾರಾವಾಹಿ ಬರುವಾಗ ಕೈ ಖಾಲಿ ಇರಬಾರದೆಂದು ಒಂದು ತಟ್ಟೆ ಸೇವು. ಅಷ್ಟೇ.

ಆದರೂ ಡಾಕ್ಟರು ಹೇಳಿದ್ದಾರಲ್ಲ. ಮರುದಿನ ಬೆಳಕು ಹರಿಯುವಾಗ ಸೀರೆ ಸೆರಗು ಬಿಗಿದು ಹೊರಬಿದ್ದಳು.

ಎದುರು ಮನೆಯಾಕೆ ಅಂಗಳಕ್ಕೆ ನೀರು ಹಾಕುತ್ತಿದ್ದಳು. "ಎಲ್ಲಿ ಹೊಂಟೀರಿ ಬಸ್ಸಮ್ಮಕ್ಕ?"

"ಸುಮ್ನ."

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನ."

ಆಕೆ ಕೊಡ ಕೆಳಗಿಟ್ಟು ಹತ್ತಿರ ಬಂದಳು. ದನಿ ತಗ್ಗಿಸಿ, "ಸೊಸಿ ಏನರ ಅಂದಾಳೇನ್ರಿ?" ಎಂದಳು.

ಅದಕ್ಕೆ ಉತ್ತರ ಕೊಟ್ಟು ಮುಗಿಸಿ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ, ಅದೇ ಮನೆಯ ಮಗ ಮಲ್ಲು ಬೈಕಿನಲ್ಲಿ ಬಂದು ಬ್ರೇಕು ಹಾಕಿದ.

"ಹತ್ರಿ ಕಾಕು."

"ಬ್ಯಾಡಪ, ನಡಕೋತ ಹೋಗ್ತೀನಿ."

"ನಾ ಇರೂಮುಂದ ನೀವು ನಡೀತೀರಿ? ನೋಡಿದವ್ರು ನನಗ ಏನಂತಾರ? ಹತ್ರಿ."

"ಬ್ಯಾಡಂದ್ನಲ್ಲಪ."

ಮಲ್ಲುವಿನ ಮುಖ ಸಣ್ಣದಾಯಿತು. "ನಮ್ಮ ಮ್ಯಾಲ ಏನರ ಸಿಟ್ಟದೇನ್ರಿ ಕಾಕು? ಹೋದ ಹಬ್ಬಕ್ಕ ಮನಿಗಿ ಬರಲಿಲ್ಲಂತ ಹಿಂಗ ಮಾಡಾಕತ್ತೀರೇನು?"

ಬಸ್ಸಮ್ಮ ಹತ್ತಿದಳು. ಎಲ್ಲಿಗೆ ಬಿಡಲಿ ಎಂದು ಅವನು ಕೇಳಿದಾಗ ತೋಚದೆ "ಬಸ್ ಸ್ಟ್ಯಾಂಡ್" ಎಂದಳು. ಬಸ್ ಸ್ಟ್ಯಾಂಡಿನವರೆಗೆ ಬಂದು ಕಾಕುಗೆ ಏನೂ ತಿನ್ನಿಸದೆ ಕಳಿಸಲು ಮಲ್ಲುವಿಗೆ ಮನಸ್ಸು ಬರಲಿಲ್ಲ. ಒಂದು ಪ್ಲೇಟು ಮಂಡಕ್ಕಿ ಸುಸಲಾ, ಅದರ ಮೇಲೆ ಬಿಸಿ ಮಿರ್ಚಿ ಭಜಿ, ಆಮೇಲೆ ಚಹಾ. ಸಕ್ಕರೆ ಕಡಿಮೆ ಎಂದದ್ದನ್ನು ಚಹಾದವನು ಹೆಚ್ಚು ಎಂದು ಕೇಳಿಸಿಕೊಂಡ. ಬಸ್ಸಮ್ಮ ಮನೆಯಿಂದ ಹೊರಟಾಗ ಇದ್ದುದಕ್ಕಿಂತ ಭಾರವಾಗಿ ಮನೆಗೆ ಬಂದಳು.

ಮರುದಿನ ಖುರ್ಷೀದಬೇಗಂಳನ್ನು ಜೊತೆ ಮಾಡಿಕೊಂಡಳು. ಇಬ್ಬರು ಹೆಂಗಸರು ಮಾತಾಡುತ್ತ ಹೊರಟರೆ ಯಾರೂ ತಡೆಯಲಿಕ್ಕಿಲ್ಲ ಎಂಬ ಲೆಕ್ಕ. ಕಾಲುವೆಯ ರಸ್ತೆ ಹಿಡಿದರು. ಮೊದಲು ಟ್ರ್ಯಾಕ್ಟರು ನಿಂತಿತು. ಅದನ್ನು ಬೇಡವೆಂದು ಕಳಿಸಿದರು. ಹಾಲಿನ ಗಾಡಿ ನಿಂತಿತು. ಅದನ್ನೂ ಕಳಿಸಿದರು. ಕೊನೆಗೆ ಮೌಲಾಲಿಯ ಆಟೋ ಬಂದು ಅಡ್ಡ ನಿಂತಿತು. ಯೂನುಸನ ಅಂಗಡಿಯ ಮುಂದೆಯೇ ಆಟೋ ನಿಲ್ಲಿಸುವ ಮೌಲಾಲಿ ಖುರ್ಷೀದಳನ್ನು ಬುರ್ಖಾದಲ್ಲಿಯೂ ಗುರುತು ಹಿಡಿದ.

"ಖಾಲಾ! ಈ ಹಾದ್ಯಾಗ ಪೈದಲ್? ಹತ್ರಿ, ರೊಕ್ಕ ಗಿಕ್ಕ ಏನೂ ಬ್ಯಾಡ."

"ಬ್ಯಾಡೋ ಮೌಲಾಲಿ, ನಾವು ನಡೀಬೇಕು."

"ಯಾಕ? ಏನಾಗ್ಯಾದ? ಯೂನುಸ ಭಾಯಿಗಿ ಫೋನ್ ಹಚ್ಚಲೇನು?" ಅವನ ಕೈ ಆಗಲೇ ಜೇಬಿಗೆ ಹೋಗಿತ್ತು.

ಆಗ ಖುರ್ಷೀದಬೇಗಂ, ತಾನು ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯುವ ಮೊದಲೇ, "ಎಮ್ಮಿ ಕಳದದೋ!" ಎಂದುಬಿಟ್ಟಳು.

ಬಸ್ಸಮ್ಮ ತಿರುಗಿ ನೋಡಿದಳು.

"ಬಸ್ಸಮ್ಮಕ್ಕಂದು ಎಮ್ಮಿ ಕಳದದ. ಅದನ್ನ ಹುಡುಕಾಕತ್ತೇವಿ. ಆಟೋದಾಗ ಕುಂತ್ರ ಗಿಡದ ಹಿಂದ, ಗದ್ದಿ ಒಳಗ ನಿಂತಿದ್ದು ಹ್ಯಾಂಗ ಕಾಣ್ತದ? ನಡದೇ ಹುಡುಕಬೇಕಲ್ಲ."

ಮೌಲಾಲಿಗೆ ಇದು ಸರಿಯೆನಿಸಿತು. ಎಮ್ಮೆಯ ವಿಷಯದಲ್ಲಿ ಹುಡುಗಾಟ ಇರುವುದಿಲ್ಲ. "ಆದ್ರ ಅವ್ವಾರ, ನಿಮ್ಮ ಮನ್ಯಾಗ ಎಮ್ಮಿ ಯಾವಾಗಿತ್ತು?" ಎಂದು ಬಸ್ಸಮ್ಮನನ್ನು ಕೇಳಿದ.

ಖುರ್ಷೀದ ಬುರ್ಖಾದೊಳಗಿನಿಂದ ಅವಳನ್ನು ತಿವಿದಳು. ಬಸ್ಸಮ್ಮನ ಬಾಯಿಂದ ಸುಳ್ಳು ತಾನಾಗಿ ಬಂತು. "ಕೆಂಭಾವಿಯಿಂದ ನನ್ನ ತಂಗಿ ಕಳಿಸಿದ್ಳಪ. ಹೊಡ್ಕೊಂಡು ಬರೂ ಹಾದ್ಯಾಗ ಕೊರಳಿನ ಹಗ್ಗ ಹರಕೊಂಡು ಓಡಿ ಹೋಗ್ಯಾದ. ನಮ್ಮ ಬಾಗಿಲಾನೂ ನೋಡಿಲ್ಲ ಅದು, ಪಾಪ."

"ಅಯ್ಯೋ" ಎಂದ ಮೌಲಾಲಿ. ಆಟೋ ಹಿಂದೆ ತಿರುಗಿಸಿಕೊಂಡು ಹೋದ.

ಆ ಬೆಳಗ್ಗೆ ಇಬ್ಬರೂ ಮನಸ್ಸು ತುಂಬುವಷ್ಟು ನಡೆದರು. ಯಾರೇ ನಿಂತರೂ "ಎಮ್ಮಿ" ಎನ್ನುವ ಒಂದು ಶಬ್ದ ಸಾಕಾಗುತ್ತಿತ್ತು. ಮಲಗಿದ ಬುದ್ಧನಂತಿರುವ ಗುಡ್ಡದ ಮೇಲೆ ಬಿಸಿಲು ಇಳಿಯುವುದನ್ನು ಬಸ್ಸಮ್ಮ ನಿಂತು ನೋಡಿದಳು. ಅದೇ ಊರಲ್ಲಿ ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದ್ದಳು. ಆದರೆ ಗುಡ್ಡವನ್ನು ಬಸ್ಸಿನ ಕಿಟಕಿಯಿಂದಲ್ಲದೆ ಹೀಗೆ ನೋಡಿದ ನೆನಪಿಲ್ಲ. ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು.

"ಕೈ ಖಾಲಿ ಬಿಟ್ಟು ನಡದ್ರ ಒಂಥರಾ ಆಗ್ತದಲ್ಲ ಖುರ್ಷೀದ? ಏನೋ ಮನ್ಯಾಗ ಮರತು ಬಂದಂಗ."

"ನನಗೂ ಹಂಗs ಆಗಾಕತ್ತದ. ಆದ್ರ ಛಲೋ ಅನಸ್ತದ, ಹೌದಲ್ಲ?"

ಹೌದೆನ್ನಲು ಬಸ್ಸಮ್ಮನಿಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಹೌದೆಂದಳು.

ದಿನ ಕಳೆದಂತೆ ಎಮ್ಮೆಗೆ ಮೈಕಟ್ಟು ಬಂತು. ಕೇಳುವವರು ಸುಮ್ಮನಿರುವುದಿಲ್ಲವಲ್ಲ, ಕೋಡು ಹೇಗೆ, ಬಣ್ಣ ಹೇಗೆ ಎನ್ನುತ್ತಿದ್ದರು. ಎಡಗಡೆಯ ಕೋಡು ಕೆಳಗೆ ಬಾಗಿದೆ ಎಂದು ಬಸ್ಸಮ್ಮ ಹೇಳಿದಳು. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ ಎಂದು ಖುರ್ಷೀದ ಸೇರಿಸಿದಳು. ಹೆಸರು ಕೇಳಿದಾಗ ಮಾತ್ರ ಒಬ್ಬಳು "ಗೌರಿ" ಎಂದಳು, ಇನ್ನೊಬ್ಬಳು ಅದೇ ಉಸಿರಿನಲ್ಲಿ "ಚಾಂದನಿ" ಎಂದಳು. ತವರಲ್ಲಿ ಒಂದು, ಇಲ್ಲಿ ಒಂದು ಎಂದು ಹೇಗೋ ಸಂಭಾಳಿಸಿಕೊಂಡರು. ರಾತ್ರಿ ಊಟಕ್ಕೆ ಕೂತಾಗ ಬಸ್ಸಮ್ಮನಿಗೆ ಒಮ್ಮೊಮ್ಮೆ ನಿಜವಾಗಿಯೂ ಕಳವಳವಾಗುತ್ತಿತ್ತು. ಎಲ್ಲಿ ನಿಂತಿದೆಯೋ, ಯಾರು ಹಾಲು ಕರೆಯುತ್ತಿದ್ದಾರೋ.

ಅತ್ತ ಮಾರುಕಟ್ಟೆಯಲ್ಲಿ ಚನ್ನಯ್ಯ ತೊಗರಿಯ ಚೀಲಗಳ ನಡುವೆ ಗಾದಿಗೆ ಒರಗಿ ಕೂತಿದ್ದಾಗ, ಪಕ್ಕದ ಅಂಗಡಿಯವರು ಕೇಳಿದರು. "ಚನ್ನಯ್ಯನವರ, ನಿಮ್ಮ ಎಮ್ಮಿ ಸಿಕ್ತೇನ್ರಿ?"

ಚನ್ನಯ್ಯನಿಗೆ ಏನೂ ತಿಳಿಯಲಿಲ್ಲ. ಆದರೆ ತನ್ನ ಮನೆಯ ಎಮ್ಮೆಯ ವಿಷಯ ಊರಿಗೆಲ್ಲ ಗೊತ್ತಿದ್ದು ತನಗೇ ಗೊತ್ತಿಲ್ಲ ಎಂದರೆ ಮರ್ಯಾದೆ ಏನು ಉಳಿಯಿತು? ಗಂಭೀರವಾಗಿ ತಲೆಯಾಡಿಸಿ, "ಇನ್ನಾ ಇಲ್ರಿ" ಎಂದ.

"ಎಡಗೋಡು ಬಾಗ್ಯಾದಂತಲ್ಲ?"

"ಬಾಗ್ಯಾದ್ರಿ. ಭಾಳ ಬಾಗ್ಯಾದ."

ಅಂದು ಮಧ್ಯಾಹ್ನ ಊಟಕ್ಕೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ. "ಏನ, ನಮ್ಮದೊಂದು ಎಮ್ಮಿ ಕಳದದಂತ?"

ಬಸ್ಸಮ್ಮ ಎಲ್ಲವನ್ನೂ ಹೇಳಿದಳು. ಚನ್ನಯ್ಯ ಗೋಡೆ ಹಿಡಿದುಕೊಂಡು ಕೂತ.

"ನಿನಗ ಹುಚ್ಚು ಗಿಚ್ಚು ಹಿಡದದೇನು? ಇಡೀ ಬಜಾರ ಹುಡುಕಾಕತ್ತದ!"

"ನೀವು ಇಲ್ಲಂತ ಹೇಳಬೇಕಿತ್ತಲ್ಲ?"

"ಹ್ಯಾಂಗ ಹೇಳ್ಲಿ? ಕೋಡು ಬಾಗ್ಯಾದಂತ ನಾನೇ ಹೇಳಿ ಬಂದೀನಿ!"

ಸೊಸೆ ಶಾಂಭವಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

ಇಡೀ ಬಜಾರ ಹುಡುಕುತ್ತಿದೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಚನ್ನಯ್ಯನದು ನಾಲ್ಕು ಜನಕ್ಕೆ ಬೇಕಾದ ಮನೆ. ಆ ಮನೆಯ ಹೆಣ್ಣುಮಗಳು ಎಮ್ಮೆಗಾಗಿ ಅಲೆಯುವಾಗ ಉಳಿದವರಿಗೆ ಬಿಸಿ ಭಜಿ ತಿನ್ನುತ್ತ ಕೂರಲಾಗುತ್ತದೆಯೇ? ಬೆಳಗಾದರೆ ಕಾಲುವೆಯ ರಸ್ತೆಯಲ್ಲಿ ಜನವೋ ಜನ. ಮಲ್ಲು ಬೈಕು ಬಿಟ್ಟು ಗೆಳೆಯರೊಂದಿಗೆ ಗದ್ದೆಯ ಬದುಗಳ ಮೇಲೆ ಓಡಾಡಿದ. ಅಂಗಡಿಯಿಂದ ಎದ್ದದ್ದೇ ಗೊತ್ತಿಲ್ಲದ ಯೂನುಸ ಕೋಲು ಹಿಡಿದು ಪೊದೆಗಳನ್ನು ಬಡಿದ. ಯಾರೋ ಮೊಬೈಲಿನಲ್ಲಿ "ಚನ್ನಯ್ಯನವರ ಎಮ್ಮಿ" ಎಂದು ಗ್ರೂಪು ಮಾಡಿದರು. ಅದಕ್ಕೆ ಸುರಪುರದಿಂದಲೂ ಯಾದಗಿರಿಯಿಂದಲೂ ಎಮ್ಮೆಗಳ ಫೋಟೋ ಬಂದವು. ಕೆಂಭಾವಿಯ ತಂಗಿ ಶರಣಮ್ಮ ಫೋನು ಮಾಡಿ, "ಅಕ್ಕ, ನಾ ನಿನಗ ಎಮ್ಮಿ ಯಾವಾಗ ಕಳಿಸೀನಿ? ಇಲ್ಲಿ ಸಂತ್ಯಾಗ ಎಲ್ಲಾರೂ, ಹಗ್ಗ ಛಲೋದು ಕಟ್ಟಿ ಕಳಿಸಬಾರದೇನ ಅಂತ ನನಗ ಬೈಲಾಕತ್ತಾರ" ಎಂದು ಅತ್ತಳು.

ಚನ್ನಯ್ಯನೂ ಕೊನೆಗೆ ಹೊರಟ. ಎಮ್ಮೆಯ ಯಜಮಾನ ಮನೆಯಲ್ಲಿ ಮಲಗಿದರೆ ಜನ ಏನೆಂದಾರು? ಗಿಡಗಳ ಹಿಂದೆ ಇಣುಕುತ್ತ, ಇಲ್ಲದ ಎಮ್ಮೆಯನ್ನು "ಗೌರೀ" ಎಂದು ಕೂಗುತ್ತ, ಬೆವರು ಒರೆಸಿಕೊಳ್ಳುತ್ತ ನಡೆದ. ಹೀಗೆ ವಾರದೊಳಗೆ ಅವನ ಮೊಳಕಾಲು ನೋವು ಕಡಿಮೆಯಾಯಿತು. ಅದನ್ನು ಮಾತ್ರ ಹೆಂಡತಿಗೆ ಹೇಳಲಿಲ್ಲ.

ಎಲ್ಲವೂ ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ದಿನ ಎಮ್ಮೆ ಸಿಕ್ಕಿಬಿಟ್ಟಿತು.

ಹೊತ್ತು ಏರುವ ಮುಂದೆ ಓಣಿಯಲ್ಲಿ ಗದ್ದಲವಾಯಿತು. ಬಸ್ಸಮ್ಮ ಹೊರಗೆ ಬಂದು ನೋಡಿದರೆ, ಮೌಲಾಲಿ ಮುಂದೆ ಹಗ್ಗ ಹಿಡಿದಿದ್ದಾನೆ, ಮಲ್ಲು ಹಿಂದಿನಿಂದ ದೂಡುತ್ತಿದ್ದಾನೆ, ನಡುವೆ ಎಮ್ಮೆ. ಎಡಗೋಡು ಬಾಗಿದೆ. ಹಣೆಯ ಮೇಲೆ ಬಿಳಿ ಚುಕ್ಕೆ. ಅದರ ಹಿಂದೆ ಊರಿಗೆ ಊರೇ ಬರುತ್ತಿದೆ.

"ಸಿಕ್ತು ನೋಡ್ರಿ ಅವ್ವಾರ!" ಎಂದ ಮೌಲಾಲಿ. "ಕಾಲುವಿ ಆಚಿಕಡಿ ಗಿಡದ ನೆಳ್ಳಾಗ ಒಂದೇ ನಿಂತಿತ್ತು. ನಿಮ್ಮ ಹೆಸರು ಹೇಳಿದಕೂಡ್ಲೆ ತಲಿ ಅಲ್ಲಾಡಿಸ್ತು."

ಇಷ್ಟು ದಿನ ಬಾಯಲ್ಲಿ ಹುಟ್ಟಿ ಬೆಳೆದದ್ದು ಈಗ ಬಾಗಿಲಿಗೆ ಬಂದು ಸಗಣಿ ಹಾಕುತ್ತಿದೆ. ಎದುರು ಮನೆಯಾಕೆ ಅರಿಶಿನ ಕುಂಕುಮ ತಂದು ಎಮ್ಮೆಯ ಹಣೆಗೆ ಹಚ್ಚಿದಳು. ಯೂನುಸ ಅಂಗಡಿಯಿಂದ ಹೊಸ ಟವೆಲು ತಂದು ಕೊರಳಿಗೆ ಹಾಕಿದ. ಯಾರೋ ಪೇಢೆ ಹಂಚಿದರು. ಚನ್ನಯ್ಯ ಎಮ್ಮೆಯನ್ನೂ ಹೆಂಡತಿಯನ್ನೂ ಒಂದಾದ ಮೇಲೊಂದರಂತೆ ನೋಡಿ, ಕೈಯಲ್ಲಿದ್ದ ಪೇಢೆ ಬಾಯಿಗಿಟ್ಟುಕೊಂಡ.

"ಯಾ ಅಲ್ಲಾ" ಎಂದಳು ಖುರ್ಷೀದ ಮೆಲ್ಲಗೆ, "ಬಿಳಿ ಚುಕ್ಕಿ ನಾನು ಸುಮ್ನ ಹೇಳಿದ್ನಲ್ಲ ಬಸ್ಸಮ್ಮಕ್ಕ!"

ಅಷ್ಟರಲ್ಲಿ ಜನರನ್ನು ಎರಡು ಕೈಯಿಂದ ಸರಿಸುತ್ತ ಒಬ್ಬ ಹೆಂಗಸು ನುಗ್ಗಿ ಬಂದಳು. ಕಚ್ಚೆ ಬಿಗಿದು ಉಟ್ಟ ಸೀರೆ, ಕೈಯಲ್ಲಿ ಬಾರುಕೋಲು. ಕಾಲುವೆಯಾಚೆಯ ಹಳ್ಳಿಯ ಹಣಮಂತಮ್ಮ.

"ಯಾವನಲೇ ಅವ ನನ್ನ ಎಮ್ಮಿ ಹೊಡಕೊಂಡು ಬಂದಾವ?"

"ನಿನ್ನದಲ್ಲಬೇ, ಇದು ಬಸ್ಸಮ್ಮನವರದು. ಕಳದಿತ್ತು" ಎಂದ ಮಲ್ಲು.

"ಕಳದಿತ್ತಾ? ಮೇಯಾಕತ್ತಿತ್ತಲೋ ಅದು! ಮೇಯೂ ಎಮ್ಮಿ ಕಂಡ್ರ ಕಳದದ ಅಂತೀರಿ? ನಾಳಿ ನಾ ಹೊಲದಾಗ ಕುಂತಿದ್ರ ನನ್ನೂ ಹೊಡಕೊಂಡು ಬರ್ತೀರೇನು?"

ಗಲಾಟೆ ಜೋರಾಯಿತು. ಕೋಡಿನ ಸಾಕ್ಷಿ ಹೇಳಿದರು, ಚುಕ್ಕೆಯ ಸಾಕ್ಷಿ ಹೇಳಿದರು. ಊರು ಪೂರ್ತಿ ಬಸ್ಸಮ್ಮನ ಕಡೆಗೇ ನಿಂತಿತು. ಹಣಮಂತಮ್ಮ ಒಬ್ಬಳೇ. ಬೈಯುತ್ತ ಬೈಯುತ್ತ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಬಸ್ಸಮ್ಮ ಕಂಡಳು. ಇನ್ನು ತಡೆಯಲಾಗಲಿಲ್ಲ.

"ನಿಂದರ್ರೀ ಎಲ್ಲಾರೂ" ಎಂದು ಕೂಗಿದಳು. "ಎಮ್ಮಿ ಆಕಿದs. ನನ್ನ ಹಂತ್ಯಾಕ ಎಮ್ಮಿನೇ ಇಲ್ಲ. ಎಂದೂ ಇದ್ದಿಲ್ಲ."

ಓಣಿ ತಣ್ಣಗಾಯಿತು. ಎಮ್ಮೆ ಮಾತ್ರ ಕೊರಳಿನ ಟವೆಲನ್ನು ಅಗಿಯುತ್ತಿತ್ತು.

"ಡಾಕ್ಟರು ನಡೀರಿ ಅಂದ್ರು. ಮೈ ಕರಗಲಿ ಅಂತ ನಡೀಲಾಕ ಹೋದ್ರ, ನೀವು ಯಾರರ ಬಿಟ್ರೇನು? ಒಬ್ರು ಗಾಡಿ ಹತ್ತಸ್ತೀರಿ, ಒಬ್ರು ಭಜಿ ತಿನ್ನಸ್ತೀರಿ, ಒಬ್ರು ಸೊಸಿ ಜೋಡಿ ಜಗಳೇನು ಅಂತೀರಿ. ಅದಕ್ಕ ಎಮ್ಮಿ ಅಂತ ಹೇಳಿದ್ವಿ. ಎಮ್ಮಿ ಅಂದಮ್ಯಾಲೇ ಬಿಟ್ರಿ ನಮ್ಮನ್ನ."

ಎಲ್ಲರಿಗಿಂತ ಹೆಚ್ಚು ಪೆಟ್ಟಾದದ್ದು ಮೌಲಾಲಿಗೆ. "ಅಂದ್ರ ನಾನು ಇಷ್ಟು ದಿನ ಮುಳ್ಳು ಕಂಟಿ ಹೊಕ್ಕು ಹುಡುಕಿದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ತನ್ನ ಪ್ಯಾಂಟಿನ ನಡುವನ್ನು ಹಿಡಿದು ನೋಡಿಕೊಂಡು, "ಅದಕ್ಕs ಬೆಲ್ಟ್ ಇಲ್ಲದ ನಿಂದ್ರವಲ್ದು" ಎಂದ.

ಮೊದಲು ನಕ್ಕವಳು ಹಣಮಂತಮ್ಮ. ಕೋಲು ಕೆಳಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಓಣಿಯೆಲ್ಲ ನಕ್ಕಿತು. ಚನ್ನಯ್ಯ ಮಾತ್ರ, ಪಕ್ಕದ ಅಂಗಡಿಯವರು "ಭಾಳ ಬಾಗ್ಯಾದ ಅಂದ್ರೆಲ್ರಿ" ಎಂದು ಕೇಳಿದಾಗ, ತುರ್ತು ಕೆಲಸ ನೆನಪಾದವನಂತೆ ಒಳಗೆ ಹೋದ.

ಎಮ್ಮೆಯನ್ನು ಟೆಂಪೋದಲ್ಲಿ ಕಳಿಸಲು ನೋಡಿದರು. ಅದು ಹತ್ತಲು ಒಪ್ಪಲಿಲ್ಲ. ಬಸ್ಸಮ್ಮನೂ ಖುರ್ಷೀದಳೂ ತಾವೇ ನಡೆದು ಬಿಟ್ಟು ಬರುತ್ತೇವೆಂದು ಹಣಮಂತಮ್ಮನ ಜೊತೆ ಹೊರಟರು. ಮನೆ ಮುಟ್ಟಿದ ಮೇಲೆ ಹಣಮಂತಮ್ಮ ಬರಿಗೈಯಲ್ಲಿ ಕಳಿಸುವ ಪೈಕಿಯಲ್ಲ. ಬಿಸಿ ರೊಟ್ಟಿ, ಅದರ ಮೇಲೆ ಗುಂಡುಗಲ್ಲಿನಂಥ ಬೆಣ್ಣೆ, ಗಡ್ಡೆ ಮೊಸರು. ಬಸ್ಸಮ್ಮ ಬೆಣ್ಣೆ ನೋಡಿದಳು, ಖುರ್ಷೀದ ಬಸ್ಸಮ್ಮನನ್ನು ನೋಡಿದಳು.

"ಅರ್ಧ ತಗೀಬೇ" ಎಂದಳು ಬಸ್ಸಮ್ಮ, ಬಹಳ ಕಷ್ಟಪಟ್ಟು.

"ಯಾಕ? ನನ್ನ ಕೈದು ಸೇರೂದಿಲ್ಲೇನು?"

"ಸೇರ್ತದ, ಅದಕ್ಕs ಅರ್ಧ ತಗಿ ಅನ್ನಾಕತ್ತೇನಿ."

ಹಣಮಂತಮ್ಮ ಇದನ್ನು ಸ್ವಲ್ಪ ಹೊತ್ತು ಯೋಚಿಸಿ ಅರ್ಧ ತೆಗೆದಳು. ಆಮೇಲೆ ಮೊಳಕಾಲು ಉಜ್ಜಿಕೊಳ್ಳುತ್ತ ಕೇಳಿದಳು. "ನಿಮಗ ನಡೀಲಾಕ ನೆವ ಬೇಕು. ನನಗ ಮೇಸಾಕ ಕಾಲು ಬೇಕು. ನಾಳಿಂದ ಮುಂಜಾನಿ ಬಂದು ಇದನ್ನ ಹೊಡಕೊಂಡು ಹೋಗ್ರಲ್ಲ?"

ಒಪ್ಪಂದವಾಯಿತು. ವ್ಯಾಪಾರಿಯ ಹೆಂಡತಿ ಯಾರದೋ ಎಮ್ಮೆ ಮೇಯಿಸುವುದೇ ಎಂದು ಚನ್ನಯ್ಯ ಒಂದು ದಿನ ಮುಖ ಊದಿಸಿಕೊಂಡ. ಎರಡನೆಯ ದಿನ ಹಣಮಂತಮ್ಮ ಕೊಟ್ಟ ಎಮ್ಮೆಯ ಹಾಲಿನ ಚಹಾ ಕುಡಿದು ಸಮಾಧಾನವಾದ. ಮೂರನೆಯ ದಿನ ತಾನೂ ಚಪ್ಪಲಿ ಮೆಟ್ಟಿದ. ಎಮ್ಮೆ ಮುಂದೆ ಇರುವವರೆಗೆ ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ. ಬಸ್ಸಮ್ಮನ ಕುಪ್ಪಸ ಸಡಿಲಾಗಿ ಹೊಲಿಗೆ ಹಾಕಿಸಬೇಕಾಯಿತು. ಮೊಮ್ಮಕ್ಕಳ ತಟ್ಟೆಗೆ ಶಾಂಭವಿ ಕಡಿಮೆ ಅನ್ನ ಬಡಿಸುವುದನ್ನು ಕಲಿತಳು. ಖುರ್ಷೀದ ಎರಡನೆಯ ಕಪ್ ಚಹಾ ಬಿಟ್ಟಳು. ಬಿಟ್ಟ ದಿನ ಅವಳ ಸಿಟ್ಟಿಗೆ ಹೆದರಿ ಮನೆಯಲ್ಲಿ ಎಲ್ಲರೂ ದೂರ ಕೂತಿದ್ದರಂತೆ.

ಒಂದು ತಿಂಗಳಾದ ಮೇಲೆ ಹಣಮಂತಮ್ಮ ಬಾರುಕೋಲು ಹಿಡಿದು ಮತ್ತೆ ಓಣಿಗೆ ಬಂದಳು. ಈ ಸಲ ಜನರನ್ನು ಸರಿಸುವ ಅಗತ್ಯವಿರಲಿಲ್ಲ, ದನಿ ಕೇಳಿಯೇ ಸರಿದರು.

"ಬಸ್ಸಮ್ಮಕ್ಕ! ಹೊರಗ ಬಾರಬೇ! ನನ್ನ ಎಮ್ಮಿ ಸೊರಗ್ಯಾದ! ಪಕ್ಕದ ಎಲುಬು ಎಣಸಾಕ ಬರ್ತಾವ! ನಡಿ ಅಂದ್ರ ಇಷ್ಟು ನಡಸೂದೇನು? ಮೂರೂ ಮಂದ್ಯಾಗ ಕರಗಿದ್ದು ಅದೊಂದೇ!"

ಬಸ್ಸಮ್ಮ ಹೋಗಿ ನೋಡಿದಳು. ನಿಜವೇ. ತಾವಿಬ್ಬರೂ ಕೂಡಿ ಕಳೆದುಕೊಂಡದ್ದಕ್ಕಿಂತ ಎಮ್ಮೆ ಹೆಚ್ಚು ಕಳೆದುಕೊಂಡಿತ್ತು. ನಡೆಯುವ ಹುರುಪಿನಲ್ಲಿ ಅದಕ್ಕೆ ಮೇಯಲು ನಿಲ್ಲಲೂ ಬಿಟ್ಟಿರಲಿಲ್ಲ. ಖುರ್ಷೀದ ತಪ್ಪಾಯಿತೆಂದು ಎಮ್ಮೆಯ ಬೆನ್ನು ಸವರಿದಳು.

ಅಂದಿನಿಂದ ಕಾಲುವೆಯ ದಂಡೆಯ ಬೇವಿನ ಗಿಡದ ಕೆಳಗೆ ಎಮ್ಮೆಯನ್ನು ಕಟ್ಟಿ, ಮುಂದೆ ಹಸಿ ಮೇವು ಹಾಕಿ, ಇಬ್ಬರೂ ಅದರ ಕಣ್ಣಳತೆಯಲ್ಲಿಯೇ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಎಮ್ಮೆ ಮೆಲುಕು ಹಾಕುತ್ತ, ಇವರು ಎಲ್ಲಿಗೂ ಹೋಗದೆ ಯಾಕೆ ಹೀಗೆ ತಿರುಗುತ್ತಿದ್ದಾರೆಂದು ತಲೆ ತಿರುಗಿಸಿ ತಿರುಗಿಸಿ ನೋಡುತ್ತದೆ.